ಬಾಯಿ ಮುಚ್ಚಿಸಿಕೊಂಡ ಜೀನ್

ಹುಣ್ಣು ಇರುವುದು ನಾಲಿಗೆಯ ಅಂಚಿನಲ್ಲಿ. ಆದರೂ ಡಾಕ್ಟರು ದವಡೆಯ ಕೆಳಗಿಂದ ಹಿಡಿದು ಕುತ್ತಿಗೆಯುದ್ದಕ್ಕೂ ಒತ್ತಿ ಒತ್ತಿ ನೋಡುತ್ತಾರೆ. ಅವರು ಹುಡುಕುತ್ತಿರುವುದು ಅಲ್ಲಿನ ದುಗ್ಧಗ್ರಂಥಿಗಳನ್ನು. ಬಾಯಿಂದ ಹೊರಟ ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲೇ. ಅಲ್ಲಿಗೆ ಹಬ್ಬಿದೆ ಅಂದರೆ ರೋಗಿ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆದರೆ ಹೊರಡುವುದೇನೂ ಸುಲಭವಲ್ಲ. ಬಾಯಿಯ ಒಳಪದರದ ಕೋಶಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಇಲ್ಲದಿದ್ದರೆ ಅಗಿಯುವಾಗಲೇ ಪದರ ಕಿತ್ತು ಬರುತ್ತಿತ್ತು. ಆ ಅಂಟಿನಲ್ಲಿ ಮುಖ್ಯವಾದದ್ದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್. ಇದು ಕೋಶದಿಂದ ಹೊರಗೆ ಚಾಚಿಕೊಂಡು ಪಕ್ಕದ ಕೋಶದ ಇ-ಕ್ಯಾಡ್ಹೆರಿನ್ನನ್ನು ಹಿಡಿದುಕೊಳ್ಳುತ್ತದೆ. ಬಯಾಪ್ಸಿ ಚೂರಿಗೆ ಈ ಪ್ರೋಟೀನನ್ನು ಗುರುತಿಸುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಆರೋಗ್ಯವಾಗಿರುವ ಭಾಗದಲ್ಲಿ ಪ್ರತಿ ಕೋಶದ ಸುತ್ತ ಕಂದು ಗೆರೆ ಕಾಣುತ್ತದೆ. ಥೇಟ್ ಮೀನಿನ ಬಲೆ. ಗಡ್ಡೆ ಒಳಕ್ಕೆ ನುಗ್ಗುತ್ತಿರುವ ಅಂಚಿಗೆ ಬಂದರೆ ಎಷ್ಟೋ ಸಲ ಆ ಗೆರೆ ಮಾಸಿರುತ್ತದೆ, ಅಲ್ಲಲ್ಲಿ ಬಲೆ ಹರಿದಿರುತ್ತದೆ.

ಹಾಗಾದರೆ ಈ ಪ್ರೋಟೀನನ್ನು ಮಾಡಿಸುವ ಜೀನ್ ಕೆಟ್ಟುಹೋಗಿರಬೇಕು, ಅಲ್ವಾ? ಸೋಜಿಗ ಇರುವುದು ಇಲ್ಲೇ. ಬಾಯಿ ಕ್ಯಾನ್ಸರಿನಲ್ಲಿ ಹೆಚ್ಚಿನ ಸಲ ಇ-ಕ್ಯಾಡ್ಹೆರಿನ್ ಜೀನಿನಲ್ಲಿ ಮ್ಯುಟೇಶನ್ ಇರುವುದೇ ಇಲ್ಲ. ಬರೆದದ್ದೆಲ್ಲ ಸರಿಯಾಗೇ ಇದೆ. ಓದಲು ಬಿಡುತ್ತಿಲ್ಲ, ಅಷ್ಟೇ. ಅಕ್ಷರ ಬದಲಾಗದೆ ಜೀನ್ ಹೀಗೆ ಸುಮ್ಮನಾಗುವುದಕ್ಕೆ ಎಪಿಜೆನೆಟಿಕ್ ಮೌನ ಎನ್ನುತ್ತಾರೆ.

ಬಾಯಿ ಮುಚ್ಚಿಸುವ ವಸ್ತು ತೀರಾ ಚಿಕ್ಕದು. ಒಂದು ಕಾರ್ಬನ್, ಮೂರು ಹೈಡ್ರೋಜನ್. ಹೆಸರು ಮೀಥೈಲ್. ಡಿಎನ್‌ಎಯಲ್ಲಿ ಸಿ ಅಕ್ಷರದ ಮುಂದೆ ಜಿ ಬಂದರೆ, ಆ ಸಿಗೆ ಇದು ಅಂಟಿಕೊಳ್ಳಬಹುದು. ಬಹಳಷ್ಟು ಜೀನ್‌ಗಳು ಶುರುವಾಗುವ ಜಾಗದಲ್ಲಿ ಇಂಥ ಜೋಡಿಗಳು ಗುಂಪುಗುಂಪಾಗಿರುತ್ತವೆ, ಸಾಮಾನ್ಯವಾಗಿ ಬೋಳಾಗಿಯೇ ಇರುತ್ತವೆ. ಕ್ಯಾನ್ಸರಿನಲ್ಲಿ ಕೆಲವು ಜೀನ್‌ಗಳ ಬಾಗಿಲಿಗೆ ಮೀಥೈಲ್ ದಟ್ಟವಾಗಿ ಮೆತ್ತಿಕೊಳ್ಳುತ್ತದೆ. ಅದನ್ನು ಗುರುತು ಹಿಡಿದು ಬರುವ ಬೇರೆ ಪ್ರೋಟೀನುಗಳು ಡಿಎನ್‌ಎಯನ್ನು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳ ಸುತ್ತ, ಓದಲಾಗದಷ್ಟು ಬಿಗಿಯಾಗಿ ಸುತ್ತಿಸಿಬಿಡುತ್ತವೆ. ಕೋಶ ಎರಡಾಗುವಾಗ ಡಿಎನ್‌ಎಂಟಿ-1 ಎಂಬ ಎಂಜೈಮು ಹಳೆ ಎಳೆಯ ಗುರುತುಗಳನ್ನು ಹೊಸ ಎಳೆಗೂ ನಕಲು ಮಾಡುತ್ತದೆ. ಹಾಗಾಗಿ ಹೊಸ ಕೋಶಗಳಲ್ಲೂ ಆ ಜೀನ್ ಮೂಕವೇ. ಕೋಶ ಬೇಕಾಬಿಟ್ಟಿ ಒಡೆಯದಂತೆ ಬ್ರೇಕ್ ಹಾಕುವ ಪಿ-16 ಜೀನಿಗೂ ಬಾಯಿ ಕ್ಯಾನ್ಸರಿನಲ್ಲಿ ಇದೇ ಗತಿ ಬರುವುದುಂಟು.

ಎಲ್ಲ ತಪ್ಪನ್ನೂ ಮೀಥೈಲ್ ತಲೆಗೇ ಕಟ್ಟುವುದು ನ್ಯಾಯವಲ್ಲ. ಸ್ನೇಲ್ ಎಂಬ ಇನ್ನೊಂದು ಪ್ರೋಟೀನ್ ನೇರವಾಗಿ ಬಂದು ಇ-ಕ್ಯಾಡ್ಹೆರಿನ್ ಜೀನಿನ ಬಾಗಿಲಲ್ಲೇ ಕೂರುತ್ತದೆ. ಇನ್ನು, ಕೋಶಗಳು ಅಂಟನ್ನು ಪೂರ್ತಿ ಬಿಟ್ಟೇ ಹೊರಡಬೇಕೆಂದೂ ಇಲ್ಲ. 2017ರಲ್ಲಿ ತಲೆ-ಕುತ್ತಿಗೆಯ ಗಡ್ಡೆಗಳ ಒಂದೊಂದೇ ಕೋಶವನ್ನು ಬಿಡಿಸಿ ನೋಡಿದಾಗ, ಅಂಚಿನ ಕೋಶಗಳಲ್ಲಿ ಕಂಡದ್ದು ಅರೆಬರೆ ಬದಲಾವಣೆ.

ಮ್ಯುಟೇಶನ್ನನ್ನು ಅಳಿಸುವುದು ಬಹಳ ಕಷ್ಟ. ಮೀಥೈಲ್ ಹಾಗಲ್ಲ, ತೆಗೆಯಬಹುದು. ಲ್ಯಾಬಿನಲ್ಲಿ ಬೆಳೆಸಿದ ಬಾಯಿ ಕ್ಯಾನ್ಸರ್ ಕೋಶಗಳಿಗೆ ಡಿಎನ್‌ಎಂಟಿಯನ್ನು ತಡೆಯುವ ಔಷಧ ಕೊಟ್ಟಾಗ ಇ-ಕ್ಯಾಡ್ಹೆರಿನ್ ಮತ್ತೆ ಕಾಣಿಸಿಕೊಂಡದ್ದಿದೆ. ಅದೇ ಬಗೆಯ ಅಜಾಸಿಟಿಡಿನ್‌ಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಅದು ಅಸ್ಥಿಮಜ್ಜೆಯ ಕಾಯಿಲೆಗೆ. ಬಾಯಿಯ ಗಡ್ಡೆಗೆ ಬಳಸಲು ದೊಡ್ಡ ತೊಡಕೆಂದರೆ, ಈ ಔಷಧಕ್ಕೆ ಯಾವ ಜೀನಿನ ಬಾಯಿ ಬಿಡಿಸಬೇಕು, ಯಾವುದರದ್ದು ಬೇಡ ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ.

ತೆಗೆಯಬಹುದಾದ ಈ ಗುರುತು ಕ್ಯಾನ್ಸರಿಗೂ ಅನುಕೂಲವೇ. ಹೊರಡುವಾಗ ಅಂಟು ಬೇಡ, ಹೊಸ ಜಾಗದಲ್ಲಿ ನೆಲೆ ಊರಲು ಬೇಕು. ಕೆಲವರ ಕುತ್ತಿಗೆಯ ಗ್ರಂಥಿ ತೆಗೆದು ಅದೇ ಬಣ್ಣ ಹಾಕಿ ನೋಡಿದರೆ, ವಲಸೆ ಬಂದ ಕೋಶಗಳ ಸುತ್ತ ಕಂದು ಗೆರೆ ಮತ್ತೆ ಮೂಡಿರುತ್ತದೆ.