ಗೊಂಬೆ ಬಂತು, ಅದರ ಊರು ಯಾವುದು?

ಮೈಸೂರಿಗೆ ಬಂದವರು ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿ ಹೊರಡುತ್ತಾರೆ. ಹಳ್ಳಿಯವರ ಕೈಚಳಕ ಕಾಣಬೇಕಾದರೆ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸಕ್ಕೆ ಹೋಗಬೇಕು. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಈ ಅರಮನೆಯನ್ನು, ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕೊಂಡಿತು. 1968ರಲ್ಲಿ ಹುಟ್ಟಿದ ಜಾನಪದ ವಸ್ತುಸಂಗ್ರಹಾಲಯದ ನೆಲೆ ಇದೇ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ದುಡಿಮೆಯಿಂದ ಬೆಳೆದ ಸಂಗ್ರಹ ಇಂದು ಆರು ಸಾವಿರ ವಸ್ತುಗಳನ್ನು ದಾಟಿದೆ.

ವಿಶ್ವವಿದ್ಯಾನಿಲಯದ ಸಂಗ್ರಹಾಲಯದಲ್ಲಿ ವಸ್ತುವಿನಷ್ಟೇ ತೂಕ ದಾಖಲೆಗೂ ಇರಬೇಕು. ಬಂದ ವರ್ಷ, ಕ್ರಮಸಂಖ್ಯೆ, ಊರವರ ಬಾಯಲ್ಲಿರುವ ಹೆಸರು, ಊರು, ತಾಲ್ಲೂಕು, ಮಾಡಿದವರು, ಬಳಸಿದವರು, ಬಳಸುವ ಸಂದರ್ಭ: ಇಷ್ಟನ್ನು ವಸ್ತು ಬಂದ ದಿನವೇ ಬರೆದಿಡಬೇಕು. ಪರದೆಯ ಹಿಂದೆ ದೀಪವಿಟ್ಟು ಆಡಿಸುವ ತೊಗಲುಗೊಂಬೆಯ ವಿಷಯದಲ್ಲಂತೂ ಇದು ತಪ್ಪಲೇಬಾರದು. ಗೊಂಬೆಯಾಡಿಸುವ ಶಿಳ್ಳೇಕ್ಯಾತರು ಊರೂರು ತಿರುಗುವವರು. ಗೊಂಬೆಯ ಶೈಲಿ ನೋಡಿ ಸೀಮೆ ಊಹಿಸಬಹುದೇ ಹೊರತು ಮನೆತನ ಹೇಳಲಾಗದು.

ಈ ಗೊಂಬೆಯ ತೊಗಲು ಚಪ್ಪಲಿಯ ಚರ್ಮದ ಹಾಗೆ ಹದ ಮಾಡಿದ್ದಲ್ಲ. ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಒಣಗಿಸಿದ ಹಸಿ ತೊಗಲು. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ, 40ಕ್ಕಿಂತ ಕೆಳಗಿಳಿದರೆ ಸೆಟೆದು ಸುರುಳಿಯಾಗುತ್ತದೆ. ಶೇ. 50ರ ಆಸುಪಾಸು ಒಳ್ಳೆಯದು. ಪ್ರದರ್ಶನದ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರದಿರಲಿ. ಹಿಂದಿನಿಂದ ದೀಪ ಬಿಟ್ಟರೆ ನೋಡಲು ಚೆಂದ, ಆದರೆ ದಿನವಿಡೀ ಬಿಟ್ಟರೆ ಬಣ್ಣ ಹಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ತೊಗಲು ಉಬ್ಬಿ ಬಣ್ಣ ಹರಡುತ್ತದೆ. ಎಣ್ಣೆ ಸವರುವುದು ಇನ್ನೂ ಕೆಟ್ಟದ್ದು: ತೊಗಲು ಕಪ್ಪಾಗುತ್ತದೆ, ಧೂಳು ಅಂಟುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಬಣ್ಣ ಭದ್ರವಾಗಿದ್ದರೆ ಮಾತ್ರ ಮೆತ್ತನೆಯ ಒಣ ಬ್ರಶ್ ಆಡಿಸಿ, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಮಲಗಿಸಬೇಕು. ಸಂಖ್ಯೆಯನ್ನು ತೊಗಲಿನ ಮೇಲೆ ಬರೆಯದೆ ಹತ್ತಿಯ ಪಟ್ಟಿಯಲ್ಲಿ ಬರೆದು ಹಿಡಿಕಡ್ಡಿಗೆ ಕಟ್ಟಿ.

ಸೋಮನ ಕುಣಿತದ ಮುಖವಾಡದ ಪ್ರಶ್ನೆ ಬೇರೆ. ಅದು ಗ್ರಾಮದೇವತೆಯ ಉತ್ಸವದಲ್ಲಿ ಕುಣಿಯುವ, ಪೂಜೆಗೊಳ್ಳುವ ಮೂರ್ತಿ. ಬಣ್ಣ ಮಾಸಿದೆಯೆಂದು ಪೇಂಟ್ ಬಳಿಸಿದರೆ, ಯಾವ ಸೋಮ ಎಂದು ಗುರುತಿಸುವ ಆಧಾರವೇ ಅಳಿಸಿಹೋಗುತ್ತದೆ. ಎಷ್ಟು ಎತ್ತರದಲ್ಲಿಡಬೇಕು, ಅರಿಶಿನ ಕುಂಕುಮದ ಪದರ ಉಳಿಸಬೇಕೇ ಎಂಬುದನ್ನು ಆ ಊರಿನ ಕುಣಿತದವರನ್ನೇ ಕೇಳಬೇಕು. ವಿದ್ಯಾರ್ಥಿಗಳು ಅಂಥ ಊರುಗಳಿಗೆ ಕ್ಷೇತ್ರಕಾರ್ಯಕ್ಕೆ ಹೋಗುವಾಗ ಮುಖವಾಡದ ನಾಲ್ಕೂ ಬದಿಯ ಫೋಟೋ ಒಯ್ಯಲಿ. ಅಲ್ಲಿನ ಹಿರಿಯರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಹೇಳಿದವರ ಹೆಸರಿನ ಸಮೇತ, ಅದೇ ಕ್ರಮಸಂಖ್ಯೆಯ ಕಡತಕ್ಕೆ ಸೇರಿಸಬೇಕು. ಪ್ರಬಂಧದ ಅನುಬಂಧದಲ್ಲಷ್ಟೇ ಉಳಿದ ಮಾಹಿತಿ ಮುಂದಿನ ಸಲ ಕಪಾಟು ತೆರೆಯುವವರ ಕೈಗೆ ಸಿಗುವುದಿಲ್ಲ.