ತಲೆಕೆಳಗಾದ ಶಾಸನ

ಕಲ್ಲಿನಲ್ಲಿ ಕೊರೆದ ಅಕ್ಷರಗಳ ಫೋಟೊ ತೆಗೆಯಲು ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ಕೆಲಸಕ್ಕೆ ಬರುವುದಿಲ್ಲ. ಎದುರಿನಿಂದ ಬೀಳುವ ಬೆಳಕು ನೆರಳುಗಳನ್ನೆಲ್ಲ ಅಳಿಸಿ, ಬರಹವನ್ನು ಕಲ್ಲಿನ ಮೈಯಲ್ಲೇ ಮುಳುಗಿಸಿಬಿಡುತ್ತದೆ. ಐಹೊಳೆಯ ಮೇಗುತಿ ದೇವಾಲಯದಲ್ಲಿರುವ, ಕ್ರಿ.ಶ. 634ರ ರವಿಕೀರ್ತಿಯ ಶಾಸನದಂತಹ ಬರಹ ಚಿತ್ರದಲ್ಲಿ ಸ್ಫುಟವಾಗಿ ಮೂಡಬೇಕಾದರೆ ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬೆಳಕು ಬೇಕು. ಆ ಬೆಳಕು ಮೇಲಿನಿಂದ ಬಂದಾಗ ತೆಗೆದ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದರೆ, ತಗ್ಗಿನಲ್ಲಿದ್ದ ಅಕ್ಷರಗಳು ಸಾಮಾನ್ಯವಾಗಿ ಕಲ್ಲಿನಿಂದ ಉಬ್ಬಿ ನಿಂತಂತೆ ಕಾಣತೊಡಗುತ್ತವೆ.

ಕೊರೆದ ಗೆರೆಯ ಮೇಲಂಚಿನಲ್ಲಿ ನೆರಳು, ಕೆಳಅಂಚಿನಲ್ಲಿ ಹೊಳಪು ಇರುತ್ತದೆ. ಚಿತ್ರ ತಿರುಗಿದಾಗ ಇವು ಅದಲುಬದಲಾಗುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆಂದು ಮಿದುಳು ಮೊದಲೇ ನಂಬಿಕೊಂಡಿರುವುದರಿಂದ, ಹೊಳಪು ಮೇಲಿದ್ದರೆ ಅದನ್ನು ಉಬ್ಬೆಂದೇ ಲೆಕ್ಕ ಹಾಕುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೂ ವಿಚಿತ್ರವಾದ ಸಂಗತಿಯನ್ನು ತೋರಿಸಿದವು: ಇಲ್ಲಿ 'ಮೇಲೆ' ಎಂಬುದು ಆಕಾಶದ ದಿಕ್ಕಲ್ಲ, ನೋಡುವವನ ತಲೆಯ ದಿಕ್ಕು. ಬಗ್ಗಿ ಕಾಲುಗಳ ನಡುವಿನಿಂದ ನೋಡಿದರೂ ಉಬ್ಬುತಗ್ಗುಗಳು ಬದಲಾಗುತ್ತವೆ, ಸೂರ್ಯ ನಮ್ಮ ನೆತ್ತಿಗೇ ಅಂಟಿಕೊಂಡಿದ್ದಾನೆಂಬಂತೆ. ಹಿಮಾಲಯದ ಉಪಗ್ರಹ ಚಿತ್ರಗಳಲ್ಲಿ ಕಣಿವೆಗಳು ಬೆಟ್ಟದ ಏಣುಗಳಂತೆ ಕಾಣುವುದಕ್ಕೂ ಇದೇ ಕಾರಣ. ಅಲ್ಲಿ ಬಿಸಿಲು ದಕ್ಷಿಣದಿಂದ, ಎಂದರೆ ಚಿತ್ರದ ಕೆಳಗಿನಿಂದ ಬರುತ್ತದೆ.

ಕಾರಣ ತಿಳಿದ ಮೇಲೂ ಭ್ರಮೆ ಹೋಗುವುದಿಲ್ಲ. ಆದರೆ ಚಿತ್ರದ ಕೆಳಗೊಂದು ದೀಪವಿದೆಯೆಂದು ಪಟ್ಟುಹಿಡಿದು ಊಹಿಸಿಕೊಂಡರೆ ಅಕ್ಷರಗಳು ಕೆಲವೊಮ್ಮೆ ಒಮ್ಮೆಗೇ ಒಳಕ್ಕೆ ಸರಿಯುತ್ತವೆ, ಊಹೆ ಸಡಿಲವಾದೊಡನೆ ಮತ್ತೆ ಹೊರಬರುತ್ತವೆ. ಕಲ್ಪನೆಯೆಂಬುದು ನೋಡಿ ಮುಗಿದ ಮೇಲೆ ಸೇರಿಸುವ ಅಲಂಕಾರವೆಂಬ ಸಾಮಾನ್ಯ ತಿಳಿವಳಿಕೆಯನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಅದು ನೋಟದ ಒಳಗೇ ದುಡಿಯುತ್ತಿರುತ್ತದೆ.

ಪ್ರಜ್ಞೆಯ ಪ್ರಶ್ನೆಗೆ ಛಾಯಾಚಿತ್ರ ಒಳ್ಳೆಯ ಸಾಧನವಾಗುವುದೂ ಇಲ್ಲಿಯೇ. ಕಾಗದದ ಮೇಲಿನ ಒಂದು ಚುಕ್ಕೆಯೂ ಅಲುಗದೆ ಅನುಭವ ಪೂರ್ತಿ ಮಗುಚಿಕೊಂಡಾಗ, ಬದಲಾದದ್ದು ವಸ್ತುವೆಂದು ವಾದಿಸಲು ದಾರಿಯೇ ಉಳಿಯುವುದಿಲ್ಲ. ಮಿದುಳು ನೆರಳಿನಿಂದ ಆಕಾರವನ್ನು ಹೇಗೆ ಲೆಕ್ಕ ಹಾಕುತ್ತದೆಂಬುದನ್ನು ವಿಜ್ಞಾನ ಸಾಕಷ್ಟು ವಿವರಿಸಬಲ್ಲದು. ಆ ಲೆಕ್ಕಾಚಾರದ ಜೊತೆಗೆ 'ಕಾಣುತ್ತಿದೆ' ಎಂಬ ಅನುಭವವಾದರೂ ಏಕೆ ಇರಬೇಕೆಂಬುದನ್ನು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಕಠಿಣ ಸಮಸ್ಯೆಯೆಂದು ಕರೆದರು. ಅದು ಇಂದಿಗೂ ಹಾಗೆಯೇ ಉಳಿದಿದೆ.

ಪ್ರಜ್ಞೆಯ ರಹಸ್ಯವೆಂಬ ಶೀರ್ಷಿಕೆ ಹೊತ್ತು ಪ್ರದರ್ಶನಗಳಿಗೆ ಬರುವ ಮಸುಕು ಚಿತ್ರಗಳಲ್ಲಿ ಬಹಳಷ್ಟು ಬರಿಯ ಮಸುಕು ಚಿತ್ರಗಳೇ ಎಂದು ಹೇಳಲು ನನಗೆ ಸಂಕೋಚವಿಲ್ಲ. ಜಪಾನಿನ ಹಿರೋಶಿ ಸುಗಿಮೊಟೊ 1970ರ ದಶಕದಲ್ಲಿ ಆರಂಭಿಸಿದ ಚಿತ್ರಮಂದಿರಗಳ ಸರಣಿ ಬೇರೆಯ ಜಾತಿಯದು. ದೊಡ್ಡ ಕ್ಯಾಮೆರಾವನ್ನು ಪರದೆಯ ಎದುರು ನಿಲ್ಲಿಸಿ, ಸಿನಿಮಾ ಶುರುವಾದಾಗ ತೆರೆದ ಷಟರನ್ನು ಅವರು ಅದು ಮುಗಿಯುವವರೆಗೂ ಮುಚ್ಚಲಿಲ್ಲ. ಮೂಡಿದ್ದು ಬಿಳಿಯಾಗಿ ಉರಿಯುವ ಖಾಲಿ ಪರದೆ, ಅದರ ಬೆಳಕಿನಲ್ಲಿ ಕಾಣುವ ಗೋಡೆ, ಕುರ್ಚಿಗಳು. ಪ್ರೇಕ್ಷಕರ ಕಣ್ಣಿಗೆ ಬಿದ್ದ ಅದೇ ಬೆಳಕು ಫಿಲ್ಮಿನ ಮೇಲೂ ಬಿದ್ದಿತ್ತು. ಆದರೆ ಅಂದು ಓಡಿದ್ದು ಯಾವ ಸಿನಿಮಾ ಎಂಬುದನ್ನು ಆ ಪರದೆಯನ್ನು ನೋಡಿ ಯಾರೂ ಹೇಳಲಾರರು.