ಸಾರ್ಟೆಕ್ಸ್ ಹಾಕಿದ್ರೂ ಲಾಭ ಯಾಕೆ ಕಾಣ್ತಿಲ್ಲ?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮದೊಂದು ಸಣ್ಣ ರೈಸ್ ಮಿಲ್ ಇದೆ. ಸಾಲ ಮಾಡಿ, ಬಣ್ಣ ನೋಡಿ ಅಕ್ಕಿ ಆರಿಸುವ ಸಾರ್ಟೆಕ್ಸ್ ಮಷಿನ್ ಹಾಕಿದೆವು. ಪಕ್ಕದ ಮಿಲ್ಲಿನವರಿಗೆ ಅದೇ ಮಷಿನ್ ಲಾಭ ತಂದಿದೆ. ನಮಗೆ ಯಾಕಿಲ್ಲ ಸರ್?

ಉತ್ತರ: ಮೊದಲು ಆ ಮಷಿನ್ ಮಾಡುವ ಕೆಲಸ ನೋಡೋಣ. ಅಕ್ಕಿ ಜಾರಿ ಬೀಳುವಾಗ ಕ್ಯಾಮೆರಾ ಕಾಳುಗಳನ್ನು ನೋಡುತ್ತದೆ. ಕಪ್ಪೋ ಹಳದಿಯೋ ಕಂಡರೆ ಫಟ್ ಅಂತ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಅಷ್ಟೇ. ಮುರಿದ ಕಾಳನ್ನು ಅದು ಕೂಡಿಸಲಾರದು. ಭತ್ತದ ತೇವ ಶೇ. 14ರ ಆಸುಪಾಸಿಗೆ ಇಳಿಯದೆ ಮಿಲ್ಲಿಗೆ ಬಿದ್ದರೆ ನುಚ್ಚು ಜಾಸ್ತಿ. ಬಿಸಿಲಿಗೆ ಅತಿಯಾಗಿ ಒಣಗಿ ಬಿರುಕು ಬಿಟ್ಟಿದ್ದರೂ ಅಷ್ಟೇ. ಇನ್ನು ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಸೇರಿದರೆ ಊದುವ ಬಾಯಿಯೇ ಕಟ್ಟಿಕೊಳ್ಳುತ್ತದೆ.

ಮಷಿನ್ ಮಾತ್ರ ಬದಲಿಸಿ ಸುತ್ತಲಿನ ಕೆಲಸವನ್ನು ಹಾಗೇ ಬಿಡುವ ಈ ತಪ್ಪು ಹೊಸದಲ್ಲ. ನ್ಯೂಯಾರ್ಕ್‌ನಲ್ಲಿ ಎಡಿಸನ್ ಕರೆಂಟ್ ಮಾರಲು ಶುರು ಮಾಡಿದ್ದು 1882ರಲ್ಲಿ. ಅಮೆರಿಕದ ಫ್ಯಾಕ್ಟರಿಗಳಿಗೆ ಅದರ ಪೂರ್ತಿ ಫಲ ಸಿಕ್ಕಿದ್ದು 1920ರ ದಶಕದಲ್ಲಿ! ಮೊದಮೊದಲು ಸ್ಟೀಮ್ ಇಂಜಿನ್ ಕಿತ್ತು, ಅದೇ ಜಾಗದಲ್ಲಿ ಒಂದು ದೊಡ್ಡ ಮೋಟರ್ ಕೂರಿಸಿದ್ದರು. ತಲೆ ಮೇಲೆ ಅದೇ ಉದ್ದನೆ ಶಾಫ್ಟು, ಅದೇ ಬೆಲ್ಟು. ನಮ್ಮ ಹಳೇ ಗಿರಣಿ ನೆನಪಾಯ್ತಲ್ವಾ? ಮಷಿನ್‌ಗೊಂದು ಮೋಟರ್ ಕೊಟ್ಟ ಮೇಲೇ ಮಷಿನ್‌ಗಳನ್ನು ಶಾಫ್ಟಿನ ಕೆಳಗಲ್ಲ, ಕೆಲಸ ಸಾಗುವ ಸಾಲಿನಲ್ಲಿ ಇಡಲು ಆಗಿದ್ದು.

ನಮ್ಮಲ್ಲಿ ಭತ್ತ ಅಕ್ಕಿ ಮಾಡುವ ಹಳೇ ಹಲ್ಲರ್ ಮಷಿನ್ ಹೋಗಿ ರಬ್ಬರ್ ರೋಲ್ ಮಷಿನ್ ಬಂದಾಗಲೂ ಇದೇ ಕಥೆ. ಹಲ್ಲರ್‌ನಲ್ಲಿ ಹೊಟ್ಟು, ತೌಡು, ನುಚ್ಚು ಎಲ್ಲ ಕಲಸಿ ಬರುತ್ತಿತ್ತು. ರಬ್ಬರ್ ರೋಲ್ ಹೊಟ್ಟನ್ನು ಮೊದಲೇ ಸುಲಿಯುತ್ತದೆ, ಆಮೇಲೆ ಪಾಲಿಶ್‌ನಲ್ಲಿ ತೌಡು ಬೇರೆಯಾಗಿ ಸಿಗುತ್ತದೆ. ಅದರಲ್ಲಿ ಶೇ. 15ರಿಂದ 20 ಎಣ್ಣೆ. ಆದರೆ ತೌಡು ಕಾಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಎಣ್ಣೆ ಕೆಡಲು ಶುರು. ಹಾಗಾಗಿ ತೌಡನ್ನು ಬೇಗ ಎಣ್ಣೆ ಮಿಲ್ಲಿಗೆ ಮುಟ್ಟಿಸುವ ಲಾರಿಯೂ ಆ ಮಷಿನ್ನಿನ ಭಾಗವೇ. ಲಾರಿ ಗೊತ್ತುಮಾಡಿಕೊಳ್ಳದವರು ಅದನ್ನೂ ಎಮ್ಮೆ ಮೇವಿನ ರೇಟಿಗೇ ಮಾರಬೇಕು.

ಹಾಗಂತ ಹಲ್ಲರ್ ಬಿಡದವರನ್ನು ದಡ್ಡರು ಅನ್ನಲಾರೆ. ಅವರ ಗಿರಾಕಿ ಮನೆ ಭತ್ತ ತರುವ ರೈತ. ಎರಡು ಚೀಲ ಅಕ್ಕಿ ಮಾಡಿಸಿ, ತೌಡು ಎಮ್ಮೆಗೆ ಒಯ್ದರೆ ಅವನಿಗೆ ಸಾಕು. ಅವನು ಕೇಳಿದ್ದನ್ನೇ ಇವರು ಚೆನ್ನಾಗಿ ಮಾಡಿಕೊಟ್ಟರು. ಅವನೇ ಅಂಗಡಿ ಅಕ್ಕಿ ತರಲು ಶುರು ಮಾಡಿದಾಗ ಗಿರಣಿ ಬೆಲ್ಟು ಸುಮ್ನೆ ನಿಂತಿತು.

ನೀವು ಇವತ್ತೇ ಒಂದು ಕೆಲಸ ಮಾಡಿ. ರಿಜೆಕ್ಟ್ ಚೀಲದಿಂದ ಒಂದು ಬೊಗಸೆ ತೆಗೆದು ಕಪ್ಪು ಬಟ್ಟೆ ಮೇಲೆ ಹರಡಿ, ಒಳ್ಳೆ ಕಾಳು ಎಣಿಸಿ. ಜಾಸ್ತಿ ಇದ್ದರೆ ಅದನ್ನು ಇನ್ನೊಂದು ಸಲ ಮಷಿನ್‌ಗೆ ಬಿಡಿ. ಆಮೇಲೆ ಪಕ್ಕದವರ ಹತ್ತಿರ ಹೋಗಿ. ಸಾರ್ಟೆಕ್ಸ್ ಬಗ್ಗೆ ಕೇಳಬೇಡಿ, ಭತ್ತ ಹೇಗೆ ಒಣಗಿಸುತ್ತಾರೆ ಅಂತ ಕೇಳಿ.